ಕಲಿಸದ್ದನ್ನೇ ಕೇಳುವ ಶಾಲೆ

1990ರ ದಶಕದ ಮಧ್ಯದ ಮಾತು. ಪಶ್ಚಿಮ ಕೀನ್ಯಾದ ಬುಸಿಯಾ ಭಾಗದ ಹಳ್ಳಿಶಾಲೆಗಳಲ್ಲಿ ಮಕ್ಕಳಿದ್ದರು, ಮೇಷ್ಟ್ರಿದ್ದರು, ಪುಸ್ತಕಗಳು ಮಾತ್ರ ಸಾಲುತ್ತಿರಲಿಲ್ಲ. ಒಂದು ಸ್ವಯಂಸೇವಾ ಸಂಸ್ಥೆ ಕೆಲವು ಶಾಲೆಗಳಿಗೆ ಪಠ್ಯಪುಸ್ತಕಗಳನ್ನು ಪುಕ್ಕಟೆ ಹಂಚಿತು. ಯಾವ ಶಾಲೆಗೆ ಮೊದಲು ಎಂಬುದನ್ನು ಚೀಟಿ ಎತ್ತಿದಂತೆ ಆರಿಸಿದ್ದರಿಂದ, ಪುಸ್ತಕ ಸಿಕ್ಕ ಶಾಲೆಗಳನ್ನೂ ಸಿಗದ ಶಾಲೆಗಳನ್ನೂ ಪಕ್ಕಪಕ್ಕ ಇಟ್ಟು ಅಳೆಯಬಹುದಿತ್ತು. ಹಾಗೆ ಅಳೆದವರಲ್ಲಿ ಮೈಕೆಲ್ ಕ್ರೆಮರ್ ಒಬ್ಬರು. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ಮೂವರಲ್ಲಿ ಇವರೂ ಇದ್ದರು.

ಪುಸ್ತಕ ಕೊಟ್ಟ ಮೇಲೆ ಅಂಕ ಏರಲೇಬೇಕು, ಅಲ್ವಾ? ಸರಾಸರಿ ಅಂಕ ಏರಲಿಲ್ಲ. ಬಿಡಿಸಿ ನೋಡಿದಾಗ ಇನ್ನೊಂದು ಸಂಗತಿ ಕಂಡಿತು. ಮೊದಲಿನಿಂದಲೂ ಮುಂದಿದ್ದ ಮಕ್ಕಳ ಅಂಕ ಏರಿತ್ತು, ಉಳಿದವರದ್ದು ಇದ್ದಲ್ಲೇ ಇತ್ತು. ಕಾರಣ ಪುಸ್ತಕದ ಒಳಗೇ ಇತ್ತು. ಅದು ಇಂಗ್ಲಿಷಿನಲ್ಲಿತ್ತು. ಅಲ್ಲಿನ ಎಷ್ಟೋ ಮಕ್ಕಳಿಗೆ ಮನೆಮಾತು ಒಂದು, ಸ್ವಾಹಿಲಿ ಇನ್ನೊಂದು, ಅದಾದ ಮೇಲೆ ಮೂರನೆಯದಾಗಿ ಇಂಗ್ಲಿಷು. ಪುಸ್ತಕವೇನೋ ಎಲ್ಲರ ಕೈಗೂ ಬಂತು. ಅದನ್ನು ಓದಬಲ್ಲವರು ಕೆಲವರೇ.

ಶಿಕ್ಷಣದ ಅಸಮಾನತೆ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಇಲ್ಲದ ವಸ್ತುಗಳು. ಕಟ್ಟಡ ಇಲ್ಲ, ಬೆಂಚು ಇಲ್ಲ, ಫೀಸಿಗೆ ದುಡ್ಡಿಲ್ಲ. ಅದೆಲ್ಲ ನಿಜವೇ. ಯುನೆಸ್ಕೋ ಲೆಕ್ಕದಲ್ಲಿ 25 ಕೋಟಿಗೂ ಹೆಚ್ಚು ಮಕ್ಕಳು ಮತ್ತು ಹದಿಹರೆಯದವರು ಇವತ್ತಿಗೂ ಶಾಲೆಯ ಹೊರಗಿದ್ದಾರೆ. ಆದರೆ ಶಾಲೆಯ ಒಳಗಿದ್ದೂ ಹಿಂದೆ ಬೀಳುವವರ ಕಥೆ ಬೇರೆ. ಎಲ್ಲರಿಗೂ ಕೊಟ್ಟದ್ದನ್ನೇ ಅವರಿಗೂ ಕೊಟ್ಟಿರುತ್ತಾರೆ. ಅದನ್ನು ಬಳಸಿಕೊಳ್ಳಲು ಇನ್ನೇನೋ ಬೇಕಿರುತ್ತದೆ. ಆ ಇನ್ನೇನನ್ನೋ ಶಾಲೆ ಕಲಿಸುವುದಿಲ್ಲ, ಮನೆಯಿಂದಲೇ ತಂದಿರುತ್ತಾರೆ ಎಂದುಕೊಂಡಿರುತ್ತದೆ. ಆರನೇ ವಯಸ್ಸಿಗೆ ಅದು ಭಾಷೆ. ಒಂಬತ್ತಕ್ಕೆ ಓದು. ಹದಿನೈದಕ್ಕೆ ಟ್ಯೂಷನ್. ಹದಿನೆಂಟಕ್ಕೆ ಅರ್ಜಿ ತುಂಬುವ ಜಾಣ್ಮೆ. ಕಾಲೇಜಿಗೆ ಹೋದ ಮೇಲೆ, ಯಾರನ್ನು ಏನು ಕೇಳಬಹುದು ಎಂಬ ಧೈರ್ಯ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯೆರ್ ಬೂರ್ದಿಯು ಈ ವಾದವನ್ನು 1960ರ ದಶಕದಿಂದಲೇ ಕಟ್ಟುತ್ತಾ ಬಂದರು. ಮನೆಯಿಂದ ಬಂದ ಮಾತು, ರುಚಿ, ನಡವಳಿಕೆಗಳನ್ನು ಶಾಲೆ 'ಪ್ರತಿಭೆ' ಎಂದು ಕರೆದು ಅಂಕ ಕೊಡುತ್ತದೆ ಎಂಬುದು ಅವರ ದೂರು. ಅವರ ಬರಹ ಓದುವುದು ಕಬ್ಬಿಣದ ಕಡಲೆ, ಆ ಮಾತು ಬೇರೆ. ದೂರು ಮಾತ್ರ ಸರಳ. ಅದನ್ನು ಕೈಯಲ್ಲಿ ಹಿಡಿದು ಶಿಶುವಿಹಾರದಿಂದ ಪದವಿಯವರೆಗೆ ಒಂದು ಸುತ್ತು ಹಾಕಿ ಬರಬಹುದು.

ಬಾಗಿಲು ದಾಟುವ ಮೊದಲೇ

ಚಿಕ್ಕ ಮಕ್ಕಳ ಶಿಕ್ಷಣದ ಚರ್ಚೆಯಲ್ಲಿ ಪದೇ ಪದೇ ಬರುವ ಹೆಸರು ಪೆರ್ರಿ ಪ್ರಿಸ್ಕೂಲ್. 1962ರಿಂದ 1967ರವರೆಗೆ ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ ನಡೆದದ್ದು. ಬಡ ಕಪ್ಪು ಕುಟುಂಬಗಳ 123 ಮಕ್ಕಳನ್ನು ಎರಡು ಗುಂಪು ಮಾಡಿದರು. 58 ಮಕ್ಕಳಿಗೆ ಮೂರು ನಾಲ್ಕು ವಯಸ್ಸಿನಲ್ಲಿ ಒಳ್ಳೆಯ ಶಿಶುವಿಹಾರ, ಜೊತೆಗೆ ವಾರಕ್ಕೊಮ್ಮೆ ಟೀಚರ್ ಮನೆಗೆ ಬಂದು ತಾಯಿಯ ಜೊತೆ ಕೂರುವುದು. ಉಳಿದ 65 ಮಕ್ಕಳಿಗೆ ಅದಿಲ್ಲ. ಶಿಶುವಿಹಾರಕ್ಕೆ ಹೋದವರ ಬುದ್ಧಿಮತ್ತೆ ಪರೀಕ್ಷೆಯ ಅಂಕ ಮೊದಲು ಮೇಲೇರಿ, ಕೆಲವೇ ವರ್ಷಗಳಲ್ಲಿ ಮತ್ತೆ ಉಳಿದವರ ಮಟ್ಟಕ್ಕೆ ಇಳಿಯಿತು. ಅಲ್ಲಿಗೇ ನಿಲ್ಲಿಸಿದ್ದರೆ 'ದುಡ್ಡು ದಂಡ' ಎಂದು ಕಡತ ಮುಚ್ಚುತ್ತಿದ್ದರು. ಆದರೆ ಅವರನ್ನು 40 ವಯಸ್ಸಿನವರೆಗೂ, ಅದರಾಚೆಗೂ ಬಿಡದೆ ಗಮನಿಸಿದರು. ಪ್ರೌಢಶಾಲೆ ಮುಗಿಸಿದವರು ಜಾಸ್ತಿ, ಸಂಪಾದನೆ ಜಾಸ್ತಿ, ಪೊಲೀಸರ ಕೈಗೆ ಸಿಕ್ಕವರು ಕಡಿಮೆ. ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್ಮನ್ ಈ ಲೆಕ್ಕವನ್ನು ಮತ್ತೆ ಮತ್ತೆ ಮಾಡಿ ನೋಡಿದರು. ಪರೀಕ್ಷೆಯಲ್ಲಿ ಕಾಣದ ಯಾವುದೋ ಗುಣ ಆ ಮಕ್ಕಳಲ್ಲಿ ಉಳಿದಿತ್ತು ಎನ್ನುತ್ತಾರೆ ಅವರು. ಹಿಡಿದ ಕೆಲಸ ಬಿಡದಿರುವುದು, ಸಿಟ್ಟು ತಡೆದುಕೊಳ್ಳುವುದು, ಇಂಥವು.

ಇದನ್ನು ಕೇಳಿದವರು 'ಹಾಗಾದರೆ ಎಲ್ಲ ಕಡೆ ಶಿಶುವಿಹಾರ ತೆರೆಯೋಣ' ಎಂದು ಹೊರಡುತ್ತಾರೆ. ಸ್ವಲ್ಪ ತಡೆಯಬೇಕು. ಟೆನೆಸಿ ರಾಜ್ಯ ದೊಡ್ಡ ಮಟ್ಟದಲ್ಲಿ ಬಡಮಕ್ಕಳಿಗೆ ಶಿಶುವಿಹಾರ ನಡೆಸಿತು. ಅರ್ಜಿ ಹೆಚ್ಚು ಬಂದ ಕಡೆ ಲಾಟರಿ ಎತ್ತಿ ಸೀಟು ಕೊಟ್ಟರು. 2022ರಲ್ಲಿ ಬಂದ ಫಲಿತಾಂಶ ನೋಡಿ ಅಧ್ಯಯನ ಮಾಡಿದವರೇ ಕಂಗಾಲಾದರು. ಆರನೇ ತರಗತಿಗೆ ಬರುವ ಹೊತ್ತಿಗೆ, ಶಿಶುವಿಹಾರಕ್ಕೆ ಹೋದವರು ಹೋಗದವರಿಗಿಂತ ಹಿಂದಿದ್ದರು. ಇಪ್ಸಿಲಾಂಟಿಯಲ್ಲಿ ಇದ್ದದ್ದು ತರಬೇತಾದ ಟೀಚರು, ಸಣ್ಣ ಗುಂಪು, ಮನೆಭೇಟಿ. ಹೆಸರು ಒಂದೇ ಆದರೂ ಒಳಗೆ ನಡೆಯುವುದು ಒಂದೇ ಅಲ್ಲ. ಮೂರು ವರ್ಷದ ಮಗುವನ್ನು ಸಾಲಾಗಿ ಕೂರಿಸಿ ಅಕ್ಷರ ತಿದ್ದಿಸುವುದನ್ನೂ ಶಿಶುವಿಹಾರ ಅಂತಲೇ ಕರೆಯುತ್ತಾರೆ.

ಇನ್ನೊಂದು ಜನಪ್ರಿಯ ಅಂಕಿ ಇದೆ. ನಾಲ್ಕನೇ ವಯಸ್ಸಿಗೆ ಬಡಮನೆಯ ಮಗು ಅನುಕೂಲಸ್ಥರ ಮನೆಯ ಮಗುವಿಗಿಂತ 3 ಕೋಟಿ ಪದ ಕಡಿಮೆ ಕೇಳಿರುತ್ತದೆ ಎಂಬುದು. ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲಿ 1995ರಲ್ಲಿ ಹೇಳಿದ್ದು. ಅವರು ನೋಡಿದ್ದು 42 ಕುಟುಂಬಗಳನ್ನು. ಆಮೇಲೆ ಬೇರೆಯವರು ಇನ್ನಷ್ಟು ಮನೆಗಳಿಗೆ ಹೋಗಿ, ತಾಯಿಯ ಮಾತಷ್ಟೇ ಅಲ್ಲದೆ ಅಜ್ಜಿ, ಅಕ್ಕ, ಪಕ್ಕದ ಮನೆಯವರ ಮಾತನ್ನೂ ಎಣಿಸಿದಾಗ ಈ ಕಂದಕ ಅಷ್ಟು ಆಳವಾಗಿ ಕಾಣಲಿಲ್ಲ. ಈ ಅಂಕಿಯನ್ನು ಭಾಷಣಗಳಲ್ಲಿ ಕೇಳಿದಾಗಲೆಲ್ಲ ನನಗೆ ಇರುಸುಮುರುಸಾಗುತ್ತದೆ. ಬಡವರ ಮನೆಯಲ್ಲಿ ಮಾತಿಲ್ಲ ಎಂದಂತಾಗುತ್ತದಲ್ಲ. ಮಾತು ಬೇಕಾದಷ್ಟಿದೆ. ಶಾಲೆ ಅಂಕ ಕೊಡುವ ಬಗೆಯ ಮಾತು ಅದಲ್ಲ, ಅಷ್ಟೇ. ಕಥೆ ಹೇಳುವುದು, ಒಗಟು ಬಿಡಿಸುವುದು, ಬಾಯಲ್ಲೇ ಲೆಕ್ಕ ಹಾಕಿ ಚಿಲ್ಲರೆ ಕೊಡುವುದು ಯಾವ ಪ್ರಶ್ನೆಪತ್ರಿಕೆಯಲ್ಲೂ ಬರುವುದಿಲ್ಲ.

ಭಾಷೆಯೇ ಬೇರೆಯಾಗಿದ್ದರಂತೂ ಕೇಳುವುದೇ ಬೇಡ. ಜಗತ್ತಿನ ಸುಮಾರು 40 ಪ್ರತಿಶತ ಜನರಿಗೆ ತಾವು ಆಡುವ ಅಥವಾ ಅರ್ಥವಾಗುವ ಭಾಷೆಯಲ್ಲಿ ಶಿಕ್ಷಣ ಸಿಗುವುದಿಲ್ಲ ಎಂದು ಯುನೆಸ್ಕೋ ಹೇಳುತ್ತದೆ. ಟೀಚರ್ ಏನು ಹೇಳುತ್ತಿದ್ದಾರೆ ಎಂದೇ ತಿಳಿಯದ ಮಗು ಸುಮ್ಮನೆ ಕೂರುತ್ತದೆ. ಸುಮ್ಮನೆ ಕೂತ ಮಗುವಿಗೆ 'ಮಂದ' ಎಂಬ ಹೆಸರು ಬೀಳುತ್ತದೆ. ಎರಡು ವರ್ಷ ಕಳೆದರೆ ಮಗು ಆ ಹೆಸರನ್ನು ತಾನೂ ಒಪ್ಪಿಕೊಂಡಿರುತ್ತದೆ.

ಹುಟ್ಟಿದ ತಿಂಗಳು ಕೂಡ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಶಾಲೆಗೆ ಸೇರಿಸಲು ಒಂದು ಕಟ್‌ಆಫ್ ತಾರೀಖು ಇರುತ್ತದೆ. ಅದರ ಆಚೀಚೆ ಹುಟ್ಟಿದವರಲ್ಲಿ ಒಬ್ಬರು ತರಗತಿಯ ಹಿರಿಯ, ಇನ್ನೊಬ್ಬರು ಕಿರಿಯ. ಇಬ್ಬರ ನಡುವೆ ಹೆಚ್ಚುಕಡಿಮೆ ಒಂದು ವರ್ಷದ ಅಂತರ. ಆರು ವರ್ಷದ ಮಗುವಿಗೆ ಒಂದು ವರ್ಷ ಅಂದರೆ ಬದುಕಿನ ಆರನೇ ಒಂದು ಪಾಲು! ಕೆಲ್ಲಿ ಬೆಡಾರ್ಡ್ ಮತ್ತು ಎಲಿಜಬೆತ್ ಡ್ಯೂಯಿ 2006ರಲ್ಲಿ ಹಲವು ಶ್ರೀಮಂತ ದೇಶಗಳ ಅಂಕಗಳನ್ನು ತಾಳೆ ನೋಡಿದರು. ನಾಲ್ಕನೇ ತರಗತಿಯಲ್ಲಿ ಕಿರಿಯರು ಹಿಂದಿದ್ದರು, ಅದೇನು ಆಶ್ಚರ್ಯವಲ್ಲ. ಎಂಟನೇ ತರಗತಿಯಲ್ಲೂ ಹಿಂದೆಯೇ ಇದ್ದರು. ಇದರಲ್ಲಿ ಬಡತನವಿಲ್ಲ, ಜಾತಿಯಿಲ್ಲ, ಬಣ್ಣವಿಲ್ಲ. ಶುದ್ಧ ಆಕಸ್ಮಿಕ. ಅಷ್ಟು ಸಣ್ಣದನ್ನೇ ವ್ಯವಸ್ಥೆ ಅಳಿಸಲಾರದೆ ಎಂಟು ವರ್ಷ ಹೊತ್ತು ತಿರುಗುತ್ತದೆ ಅಂದರೆ, ದೊಡ್ಡ ಅಂತರಗಳ ಗತಿ ಏನು?

ಓಡುವ ಸಿಲಬಸ್

ಇಡೀ ವಿಷಯದ ನಡುಗಂಬ ಇದು ಎಂದು ನನ್ನ ಅಭಿಪ್ರಾಯ. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ನಾಲ್ಕನೇ ಕ್ಲಾಸಿನ ಹೊತ್ತಿಗೆ ಓದುವುದನ್ನು ಕಲಿಸುವ ಕೆಲಸ ಮುಗಿಯಿತು ಎಂದು ಶಾಲೆ ಲೆಕ್ಕ ಹಾಕಿರುತ್ತದೆ. ಅಲ್ಲಿಂದ ಮುಂದೆ ವಿಜ್ಞಾನ, ಸಮಾಜ, ಲೆಕ್ಕದ ಪ್ರಶ್ನೆ ಎಲ್ಲವೂ ಮಗುವಿಗೆ ಓದು ಬರುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿವೆ. ಬರುತ್ತದೆಯೇ? ವಿಶ್ವಬ್ಯಾಂಕ್ 2019ರಲ್ಲಿ ಇದಕ್ಕೆ 'ಕಲಿಕೆಯ ಬಡತನ' ಎಂದು ಹೆಸರಿಟ್ಟು ಅಳೆಯಿತು. ಬಡ ಮತ್ತು ಮಧ್ಯಮ ಆದಾಯದ ದೇಶಗಳ ಹತ್ತು ವರ್ಷದ ಮಕ್ಕಳಲ್ಲಿ 53 ಪ್ರತಿಶತ ಮಂದಿಗೆ ಒಂದು ಸರಳ ಕಥೆಯನ್ನು ಓದಿ ಅರ್ಥ ಮಾಡಿಕೊಳ್ಳಲು ಬರುತ್ತಿರಲಿಲ್ಲ. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದ ಮೇಲೆ, 2022ರ ಅಂದಾಜಿನಲ್ಲಿ ಅದು 70ಕ್ಕೆ ಏರಿತು. ಇವರಲ್ಲಿ ಹೆಚ್ಚಿನವರು ಶಾಲೆಗೆ ಹೋಗುತ್ತಿರುವ ಮಕ್ಕಳೇ.

ಓದು ಬಾರದ ಮಗುವಿಗೆ ಆಗುವ ನಷ್ಟ ಆ ಒಂದು ವಿಷಯದ್ದಲ್ಲ. ಓದಲು ಬರುವವನು ಓದುತ್ತಾನೆ, ಓದಿದಂತೆ ಹೊಸ ಪದ ಸಿಗುತ್ತವೆ, ಪದ ಸಿಕ್ಕಿದಂತೆ ಓದು ಸಲೀಸಾಗುತ್ತದೆ. ಬಾರದವನು ಪುಸ್ತಕ ಕಂಡರೆ ದೂರ ಸರಿಯುತ್ತಾನೆ. ಕೀತ್ ಸ್ಟಾನೋವಿಚ್ ಎಂಬ ಮನಶ್ಶಾಸ್ತ್ರಜ್ಞ 1986ರಲ್ಲಿ ಇದನ್ನು ಬಿಡಿಸಿ ತೋರಿಸಿದರು. ಒಂದು ಥರದ ಚಕ್ರಬಡ್ಡಿ. ಇದ್ದವನ ಗಂಟು ಬೆಳೆಯುತ್ತದೆ, ಇಲ್ಲದವನ ಸಾಲ ಬೆಳೆಯುತ್ತದೆ.

ಲೆಕ್ಕದಲ್ಲೂ ಇದೇ ಕಥೆ. ಎರಡಂಕಿಯ ಕಳೆಯುವ ಲೆಕ್ಕ ಸರಿಯಾಗಿ ಬಾರದ ಮಗು ಭಾಗಾಕಾರದ ಪಾಠಕ್ಕೆ ಕೂರುತ್ತದೆ. ಭಾಗಾಕಾರ ತಿಳಿಯುವ ಮೊದಲೇ ಭಿನ್ನರಾಶಿ ಬಂದಿರುತ್ತದೆ. ಪಾಠ ಕ್ಯಾಲೆಂಡರ್ ನೋಡಿಕೊಂಡು ಮುಂದೆ ಹೋಗುತ್ತದೆ, ಮಗುವನ್ನು ನೋಡಿಕೊಂಡು ಅಲ್ಲ. ಮೇಷ್ಟ್ರಿಗೂ ಇದು ಗೊತ್ತು. ಆದರೆ ಅವರ ಮೇಲಿನವರು ಕೇಳುವುದು 'ಸಿಲಬಸ್ ಎಲ್ಲಿಗೆ ಬಂತು' ಎಂದು. 'ಮಕ್ಕಳು ಎಲ್ಲಿದ್ದಾರೆ' ಎಂದಲ್ಲ.

ಭಾರತದ ಪ್ರಥಮ್ ಸಂಸ್ಥೆ ಹಿಡಿದ ದಾರಿ ಇಲ್ಲಿ ಗಮನಿಸಬೇಕಾದದ್ದು. ಮಗು ಯಾವ ಕ್ಲಾಸಿನಲ್ಲಿದೆ ಎಂದು ನೋಡುವುದೇ ಇಲ್ಲ. ಅಕ್ಷರ ಬರುತ್ತದೋ, ಪದ ಬರುತ್ತದೋ, ಪ್ಯಾರಾ ಬರುತ್ತದೋ ಎಂದು ಒಂದೊಂದೇ ಮಗುವನ್ನು ಕೂರಿಸಿ ಓದಿಸುತ್ತಾರೆ. ಆಮೇಲೆ ಆ ಮಟ್ಟದ ಪ್ರಕಾರ ಗುಂಪು ಮಾಡಿ, ದಿನಕ್ಕೆ ಕೆಲವು ಗಂಟೆ ಅದನ್ನೇ ಕಲಿಸುತ್ತಾರೆ. ಉತ್ತರ ಪ್ರದೇಶದಲ್ಲಿ 2013–14ರಲ್ಲಿ ಮೂರರಿಂದ ಐದನೇ ತರಗತಿಯವರಿಗೆ ಒಟ್ಟು ಸುಮಾರು 50 ದಿನ ಹೀಗೆ ಶಿಬಿರ ನಡೆಸಿದಾಗ, ಪ್ಯಾರಾ ಅಥವಾ ಕಥೆ ಓದಬಲ್ಲ ಮಕ್ಕಳ ಪಾಲು ಶಿಬಿರವಿಲ್ಲದ ಶಾಲೆಗಳಿಗಿಂತ ಹೆಚ್ಚುಕಡಿಮೆ ಎರಡರಷ್ಟಾಯಿತು. ವರ್ಷಗಟ್ಟಲೆ ಆಗದ್ದು ಐವತ್ತು ದಿನದಲ್ಲಿ ಆಯಿತು ಅಂದರೆ ತಪ್ಪು ಮಕ್ಕಳದ್ದಲ್ಲ ಅಂತಾಯಿತು.

ಇದೇ ಪ್ರಯೋಗಗಳ ಇನ್ನೊಂದು ಫಲಿತಾಂಶ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಬಿಹಾರದಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಬೇಸಿಗೆ ಶಿಬಿರದಲ್ಲಿ ಈ ಬಗೆಯಲ್ಲಿ ಪಾಠ ಮಾಡಿದಾಗ ಮಕ್ಕಳು ಕಲಿತರು. ಶಾಲೆಯ ವರ್ಷದ ನಡುವೆ ತರಬೇತಿ ಮತ್ತು ಸಾಮಗ್ರಿಯನ್ನಷ್ಟೇ ಕೊಟ್ಟು ಬಿಟ್ಟಾಗ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಮೇಷ್ಟ್ರಿಗೆ ಕಲಿಸಲು ಬರುತ್ತಿತ್ತು. ಶಾಲೆ ತೆರೆದ ದಿನದಿಂದ ಸಿಲಬಸ್ ಮತ್ತೆ ಓಡಲು ಶುರುಮಾಡಿತ್ತು.

ಜರಡಿ ಹಿಡಿಯುವುದು

'ಮಟ್ಟದ ಪ್ರಕಾರ ಗುಂಪು ಮಾಡುವುದು ಅಂದರೆ ಜಾಣರು, ದಡ್ಡರು ಅಂತ ಬೇರೆ ಮಾಡಿದ ಹಾಗಲ್ವಾ?' ಎಂದು ಯಾರಾದರೂ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ.

ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ತರಗತಿ ಮುಗಿದ ಮೇಲೆ, ಅಂದರೆ ಸುಮಾರು ಹತ್ತನೇ ವಯಸ್ಸಿಗೆ, ಮಕ್ಕಳು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚಿಹೋಗುತ್ತಾರೆ. ಗಿಮ್ನಾಜಿಯಂ ಎಂಬ ಬಗೆಯ ಶಾಲೆಗೆ ಹೋದವರದು ನೇರವಾಗಿ ವಿಶ್ವವಿದ್ಯಾಲಯದ ದಾರಿ, ಉಳಿದವರದು ಹೆಚ್ಚಾಗಿ ಕಸುಬಿನ ದಾರಿ. ಆಮೇಲೆ ದಾರಿ ಬದಲಿಸಲು ಅವಕಾಶವಿದೆ, ಆದರೆ ಬದಲಿಸುವವರು ಕಡಿಮೆ. ಹತ್ತು ವರ್ಷಕ್ಕೆ ಮಗುವಿನಲ್ಲಿ ಕಾಣುವುದು ಅದರ ಸ್ವಂತ ಶಕ್ತಿಯೋ, ಹೋಮ್‌ವರ್ಕಿಗೆ ಪಕ್ಕದಲ್ಲಿ ಕೂತ ಅಪ್ಪ ಅಮ್ಮನ ಶಕ್ತಿಯೋ ಎಂದು ಹೇಳುವವರು ಯಾರು? ಫಿನ್‌ಲೆಂಡ್‌ನಲ್ಲೂ ಹಿಂದೆ ಹೀಗೇ ಇತ್ತು, ಹನ್ನೊಂದಕ್ಕೆ ಜರಡಿ. 1972ರಿಂದ 1977ರ ನಡುವೆ ಒಂದೊಂದೇ ಪ್ರದೇಶದಲ್ಲಿ ಅದನ್ನು ತೆಗೆದು, ಹದಿನಾರರವರೆಗೆ ಎಲ್ಲರಿಗೂ ಒಂದೇ ಶಾಲೆ ಮಾಡಿದರು. ತುಂಡು ತುಂಡಾಗಿ ಜಾರಿಯಾದ ಕಾರಣ ಸಂಶೋಧಕರಿಗೆ ಹೋಲಿಸಲು ಅನುಕೂಲವಾಯಿತು. ಅಪ್ಪನ ಆದಾಯಕ್ಕೂ ಮಗನ ಆದಾಯಕ್ಕೂ ಇದ್ದ ನಂಟು ಈ ಬದಲಾವಣೆಯಿಂದ ಸುಮಾರು 23 ಪ್ರತಿಶತ ಸಡಿಲವಾಗಿತ್ತು.

ಹಾಗಾದರೆ ಗುಂಪು ಮಾಡುವುದೇ ತಪ್ಪೇ? ಮತ್ತೆ ಕೀನ್ಯಾಕ್ಕೆ ಬರೋಣ. 2005ರಲ್ಲಿ ಅಲ್ಲಿನ 121 ಶಾಲೆಗಳಿಗೆ ಒಬ್ಬೊಬ್ಬ ಹೆಚ್ಚುವರಿ ಮೇಷ್ಟ್ರನ್ನು ಕೊಟ್ಟು ಒಂದನೇ ಕ್ಲಾಸನ್ನು ಎರಡು ಮಾಡಿದರು. ಅರ್ಧದಷ್ಟು ಶಾಲೆಗಳಲ್ಲಿ ಮಕ್ಕಳನ್ನು ಹೇಗೆಂದರೆ ಹಾಗೆ ಹಂಚಿದರು, ಉಳಿದ ಕಡೆ ಅಂಕದ ಪ್ರಕಾರ. ಅಂಕದ ಪ್ರಕಾರ ಹಂಚಿದ ಶಾಲೆಗಳಲ್ಲಿ ಮೇಲಿನ ಗುಂಪೂ ಕೆಳಗಿನ ಗುಂಪೂ ಎರಡೂ ಹೆಚ್ಚು ಕಲಿತವು. ಯಾಕೆಂದರೆ ಕೆಳಗಿನ ಗುಂಪಿನ ಮೇಷ್ಟ್ರು ಕೊನೆಗೂ ಆ ಮಕ್ಕಳಿಗೆ ತಿಳಿಯುವ ಪಾಠ ಮಾಡಿದರು. ಪ್ರಥಮ್‌ನ ಗುಂಪು ಕೂಡ ದಿನದ ಕೆಲವು ಗಂಟೆಗಳದ್ದು. ಮಗು ಪ್ಯಾರಾ ಓದಲು ಕಲಿತ ದಿನ ಮುಂದಿನ ಗುಂಪಿಗೆ ಹೋಗಿ ಕೂರುತ್ತದೆ. ಹತ್ತನೇ ವಯಸ್ಸಿಗೆ ಬೇರೆ ಕಟ್ಟಡಕ್ಕೆ ಕಳಿಸುವುದು ಹಾಗಲ್ಲ. ಹಿಡಿದು ಮೇಲೆತ್ತಲು ಮಾಡಿದ ಗುಂಪಿಗೂ ಸೋಸಿ ಪಕ್ಕಕ್ಕಿಡಲು ಮಾಡಿದ ಗುಂಪಿಗೂ ಅಜಗಜಾಂತರ.

ಜರಡಿ ಇದ್ದಲ್ಲಿ ಟ್ಯೂಷನ್ ಹುಟ್ಟಿಕೊಳ್ಳುತ್ತದೆ. ಒಂದು ಪರೀಕ್ಷೆಯ ಮೇಲೆ ಬದುಕು ನಿಂತಿದೆ ಅಂದರೆ ದುಡ್ಡಿದ್ದವರು ಅದಕ್ಕೆ ದುಡ್ಡು ಸುರಿಯುತ್ತಾರೆ, ಬೇಡ ಅನ್ನಲಾಗುವುದಿಲ್ಲ. ದಕ್ಷಿಣ ಕೊರಿಯಾ ಬೇಡ ಅಂದು ನೋಡಿತು. 1980ರಲ್ಲಿ ಅಲ್ಲಿನ ಸೇನಾ ಸರ್ಕಾರ ಖಾಸಗಿ ಟ್ಯೂಷನ್ ನಿಷೇಧಿಸಿತು. ಟ್ಯೂಷನ್ ನಿಲ್ಲಲಿಲ್ಲ, ಕದ್ದುಮುಚ್ಚಿ ನಡೆಯತೊಡಗಿತು. 2000ದಲ್ಲಿ ಸಾಂವಿಧಾನಿಕ ನ್ಯಾಯಾಲಯ ನಿಷೇಧವನ್ನೇ ತೆಗೆದುಹಾಕಿತು. ಸೋಲ್ ನಗರದಲ್ಲಿ ರಾತ್ರಿ ಹತ್ತರ ಮೇಲೆ ಕೋಚಿಂಗ್ ಕೇಂದ್ರಗಳು ಬಾಗಿಲು ಹಾಕಬೇಕು ಎಂಬ ನಿಯಮ ಬಂತು. ಶಾಲೆ ಮುಗಿಸಿದ ಮಗು ರಾತ್ರಿ ಹತ್ತರವರೆಗೆ ಕೂರುವುದನ್ನು ಇದು ಸಹಜ ಎಂದು ಒಪ್ಪಿಕೊಂಡಂತೆಯೇ ಆಯಿತು. 2021ರ ಜುಲೈನಲ್ಲಿ ಚೀನಾ ಇನ್ನೂ ಗಟ್ಟಿಯಾದ ಹೆಜ್ಜೆ ಇಟ್ಟು, ಶಾಲಾ ವಿಷಯಗಳ ಟ್ಯೂಷನ್ ಕಂಪನಿಗಳು ಲಾಭ ಮಾಡುವಂತಿಲ್ಲ ಎಂದಿತು. ದೊಡ್ಡ ಕಂಪನಿಗಳು ಮುಚ್ಚಿದವು. ಮನೆಗೆ ಬಂದು ಗುಟ್ಟಾಗಿ ಹೇಳಿಕೊಡುವವರು ಹುಟ್ಟಿಕೊಂಡರು. ಗುಟ್ಟಿನ ಮೇಷ್ಟ್ರು ಯಾರ ಕೈಗೆಟುಕುತ್ತಾರೆ ಎಂದು ಬೇರೆ ಹೇಳಬೇಕೆ? ಪರೀಕ್ಷೆಯನ್ನು ಹಾಗೇ ಇಟ್ಟು ಟ್ಯೂಷನ್ನಿಗೆ ಮಾತ್ರ ಬೀಗ ಹಾಕಿದರೆ ಆಗುವುದೇ ಇಷ್ಟು.

ಇಷ್ಟೆಲ್ಲ ಕೇಳಿದ ಮೇಲೆ 'ಎಲ್ಲ ಮನೆಯಲ್ಲೇ ತೀರ್ಮಾನವಾಗುತ್ತದೆ, ಶಾಲೆ ಸುಮ್ನೆ ನೆಪ' ಅನ್ನಿಸಬಹುದು. 1966ರಲ್ಲಿ ಅಮೆರಿಕ ಸರ್ಕಾರಕ್ಕೆ ಜೇಮ್ಸ್ ಕೋಲ್ಮನ್ ತಂಡ ಕೊಟ್ಟ ವರದಿಯನ್ನು ಹಲವರು ಹಾಗೇ ಓದಿದರು. ಆರು ಲಕ್ಷ ಮಕ್ಕಳನ್ನು ನೋಡಿದ ಆ ವರದಿ, ಶಾಲೆಗೆ ಸುರಿದ ಹಣಕ್ಕಿಂತ ಮನೆಯ ಹಿನ್ನೆಲೆಯೇ ಅಂಕದ ಮೇಲೆ ಹೆಚ್ಚು ಪರಿಣಾಮ ಬೀರುತ್ತದೆ ಎಂದಿತ್ತು. ನಾನು ಅದನ್ನು ಬೇರೆ ಥರ ಓದುತ್ತೇನೆ. ಮನೆಯಿಂದ ತಂದದ್ದನ್ನೇ ಕೇಳುವ ಶಾಲೆಯಲ್ಲಿ ಮನೆಯೇ ಗೆಲ್ಲುತ್ತದೆ. ಬಾಲ್ಟಿಮೋರ್ ನಗರದಲ್ಲಿ 1982ರಿಂದ ಮಕ್ಕಳ ಬೆನ್ನು ಹತ್ತಿದ ಕಾರ್ಲ್ ಅಲೆಕ್ಸಾಂಡರ್ ಮತ್ತು ಡೊರಿಸ್ ಎಂಟ್‌ವಿಸಲ್ ಕಂಡದ್ದು ಇದಕ್ಕೆ ಪೂರಕ. ಶಾಲೆ ನಡೆಯುವ ತಿಂಗಳುಗಳಲ್ಲಿ ಬಡಮಕ್ಕಳೂ ಉಳ್ಳವರ ಮಕ್ಕಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಕಲಿಯುತ್ತಿದ್ದರು, ಅಂತರ ಹಿಗ್ಗುತ್ತಿದ್ದದ್ದು ಬೇಸಿಗೆ ರಜೆಯಲ್ಲಿ. ಆಮೇಲಿನ ಅಳತೆಗಳು ಎಲ್ಲ ಕಡೆ ಇಷ್ಟು ಸ್ಪಷ್ಟವಾಗಿ ಇದನ್ನು ತೋರಿಸಿಲ್ಲ. ಆದರೂ ಶಾಲೆಯನ್ನು ಕೈಬಿಡುವ ಮಾತಿಗೆ ಇಷ್ಟು ಉತ್ತರ ಸಾಕು.

ಕೆಲವೊಮ್ಮೆ ತೊಡಕು ಪಾಠದ್ದೇ ಅಲ್ಲ, ದಾರಿಯದ್ದು. ಬಿಹಾರದಲ್ಲಿ 2006ರಿಂದ ಒಂಬತ್ತನೇ ತರಗತಿಗೆ ಸೇರಿದ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಟ್ಟರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಸುಮಾರು 32 ಪ್ರತಿಶತ ಏರಿತು. ಶಾಲೆ ದೂರ ಇದ್ದ ಊರುಗಳಲ್ಲೇ ಏರಿಕೆ ಜಾಸ್ತಿ. ಹುಡುಗಿಯರಿಗೆ ಓದಿನಲ್ಲಿ ಆಸಕ್ತಿಯಿಲ್ಲ ಎಂದು ಅಲ್ಲಿಯವರೆಗೆ ಹೇಳುತ್ತಿದ್ದವರು ಆ ದಾರಿಯನ್ನು ಒಮ್ಮೆ ನಡೆದು ನೋಡಬೇಕಿತ್ತು.

ಫಾರಂ ತುಂಬುವ ವಿದ್ಯೆ

ಕಾಲೇಜಿನ ವಿಷಯಕ್ಕೆ ಬಂದರೆ ಎಲ್ಲರ ಬಾಯಲ್ಲೂ ಫೀಸಿನ ಮಾತೇ. ಫೀಸು ದೊಡ್ಡ ಗೋಡೆ, ಸಂಶಯವಿಲ್ಲ. ಆದರೆ ಫೀಸನ್ನೇ ತೆಗೆದರೂ ಗೋಡೆ ಉಳಿಯಬಹುದು. ಬ್ರೆಜಿಲ್ ನೋಡಿ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳು ದೇಶದಲ್ಲೇ ಉತ್ತಮ, ಫೀಸೂ ಇಲ್ಲ. ಸರ್ಕಾರಿ ಶಾಲೆಗಳು ಮಾತ್ರ ದುರ್ಬಲ. ಹೀಗಾಗಿ ಉಳ್ಳವರು ಮಕ್ಕಳನ್ನು ದುಬಾರಿ ಖಾಸಗಿ ಶಾಲೆಯಲ್ಲಿ ಓದಿಸಿ, ಪ್ರವೇಶ ಪರೀಕ್ಷೆ ಗೆಲ್ಲಿಸಿ, ಪುಕ್ಕಟೆ ವಿಶ್ವವಿದ್ಯಾಲಯಕ್ಕೆ ಕಳಿಸುತ್ತಿದ್ದರು. ಸರ್ಕಾರಿ ಶಾಲೆಯಲ್ಲಿ ಓದಿದ ಬಡವರ ಮಕ್ಕಳು ದುಡ್ಡು ಕೊಟ್ಟು ಖಾಸಗಿ ಕಾಲೇಜು ಸೇರುತ್ತಿದ್ದರು. ಯಾವ ಕೇಡಿನ ಉದ್ದೇಶವೂ ಇಲ್ಲದೆ ಎಷ್ಟು ಅಚ್ಚುಕಟ್ಟಾದ ಅನ್ಯಾಯ! 2012ರಲ್ಲಿ ಕಾನೂನು ತಂದು, ಕೇಂದ್ರ ಸರ್ಕಾರದ ವಿಶ್ವವಿದ್ಯಾಲಯಗಳ ಅರ್ಧ ಸೀಟುಗಳನ್ನು ಸರ್ಕಾರಿ ಪ್ರೌಢಶಾಲೆಯಲ್ಲಿ ಓದಿದವರಿಗೆ ಮೀಸಲಿಟ್ಟರು. ಆ ಸೀಟುಗಳೊಳಗೆ ಕಡಿಮೆ ಆದಾಯದವರಿಗೂ ಕಪ್ಪು ಮತ್ತು ಮೂಲನಿವಾಸಿ ವಿದ್ಯಾರ್ಥಿಗಳಿಗೂ ಪಾಲು ಇದೆ.

ಅಮೆರಿಕದಲ್ಲಿ ಸಹಾಯಧನ ಬೇಕಾದರೆ ಆಗ ಒಂದು ಉದ್ದನೆಯ ಫಾರಂ ತುಂಬಬೇಕಿತ್ತು. ಮನೆಯ ಆದಾಯ, ತೆರಿಗೆ, ಉಳಿತಾಯ, ನೂರು ಪ್ರಶ್ನೆ. 2008ರಲ್ಲಿ ಒಂದು ಪ್ರಯೋಗ ನಡೆಯಿತು. ತೆರಿಗೆ ಲೆಕ್ಕ ಮಾಡಿಸಲು ಎಚ್ ಆಂಡ್ ಆರ್ ಬ್ಲಾಕ್ ಎಂಬ ಸಂಸ್ಥೆಯ ಕಚೇರಿಗೆ ಬಂದ ಕಡಿಮೆ ಆದಾಯದ ಕುಟುಂಬಗಳಲ್ಲಿ ಕೆಲವರಿಗೆ, ಅಲ್ಲೇ ಕೂರಿಸಿ ಆ ಫಾರಂ ತುಂಬಿಸಿಕೊಟ್ಟರು. ಕೆಲವೇ ನಿಮಿಷದ ಕೆಲಸ. ಹಾಗೆ ನೆರವು ಸಿಕ್ಕ ಮನೆಗಳ ಮಕ್ಕಳಲ್ಲಿ ಎರಡು ವರ್ಷ ಕಾಲೇಜು ಪೂರೈಸಿದವರ ಪಾಲು 8 ಪ್ರತಿಶತ ಅಂಶಗಳಷ್ಟು ಜಾಸ್ತಿಯಾಯಿತು. ಇನ್ನೊಂದು ಗುಂಪಿಗೆ ಫಾರಂ ತುಂಬಿಸದೆ, 'ನಿಮಗೆ ಇಷ್ಟು ಸಹಾಯಧನ ಸಿಗಬಹುದು' ಎಂದು ಮಾಹಿತಿಯನ್ನಷ್ಟೇ ಕೊಟ್ಟಿದ್ದರು. ಅದರಿಂದ ಏನೂ ಆಗಲಿಲ್ಲ. ಜಾಗೃತಿ ಅಭಿಯಾನ, ಕರಪತ್ರ, ಪೋಸ್ಟರ್ ಎನ್ನುತ್ತಾ ದುಡ್ಡು ಖರ್ಚು ಮಾಡುವವರು ಈ ಎರಡನೇ ಗುಂಪಿನ ಕಥೆಯನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಇನ್ನೂ ವಿಚಿತ್ರವಾದದ್ದು ಮಿಷಿಗನ್ ವಿಶ್ವವಿದ್ಯಾಲಯದ್ದು. 2015ರಿಂದ ಅದು ರಾಜ್ಯದ ಕೆಲವು ಬಡ, ಜಾಣ ವಿದ್ಯಾರ್ಥಿಗಳಿಗೆ ಒಂದು ಚಂದದ ಲಕೋಟೆ ಕಳಿಸಿತು. ನಿನಗೆ ಸೀಟು ಸಿಕ್ಕರೆ ನಾಲ್ಕು ವರ್ಷ ಕಾಲೇಜು ಫೀಸು ಇಲ್ಲ, ಯಾವ ಫಾರಂ ಕೂಡ ಬೇಡ ಎಂದು ಅದರಲ್ಲಿತ್ತು. ಲಕೋಟೆ ಸಿಗದವರಲ್ಲಿ 26 ಪ್ರತಿಶತ ಮಂದಿ ಅರ್ಜಿ ಹಾಕಿದರೆ ಸಿಕ್ಕವರಲ್ಲಿ 68 ಪ್ರತಿಶತ ಹಾಕಿದರು. ಸೇರಿದವರ ಪಾಲು ಎರಡರಷ್ಟಕ್ಕಿಂತ ಜಾಸ್ತಿಯಾಯಿತು. ವಿಚಿತ್ರ ಏನೆಂದರೆ, ಆ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಇದ್ದ ನಿಯಮದಲ್ಲೇ ಹೇಗೂ ಅಷ್ಟು ಸಹಾಯ ಸಿಗುತ್ತಿತ್ತು. ಹೊಸದಾಗಿ ಕೊಟ್ಟದ್ದು ದುಡ್ಡನ್ನಲ್ಲ, ಖಾತ್ರಿಯನ್ನು. 'ನೋಡೋಣ, ಸಿಗಬಹುದು' ಎಂಬ ಮಾತಿನ ಮೇಲೆ ಉಳ್ಳವರ ಮನೆಯವರು ಅರ್ಜಿ ಹಾಕುತ್ತಾರೆ. ಇಲ್ಲದವರು ಹಾಕುವುದಿಲ್ಲ. ತಪ್ಪಿದರೆ ಬೀಳುವ ಪೆಟ್ಟು ಇಬ್ಬರಿಗೂ ಒಂದೇ ಅಲ್ಲವಲ್ಲ.

ಈ ಅಂತರಗಳೆಲ್ಲ ಕೂಡಿ ಕೊನೆಗೆ ಎಲ್ಲಿಗೆ ಮುಟ್ಟುತ್ತವೆ ಎಂಬುದನ್ನು ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರು 2017ರಲ್ಲಿ ತೆರಿಗೆ ದಾಖಲೆಗಳಿಂದ ತೆಗೆದು ತೋರಿಸಿದರು. ಅಮೆರಿಕದ 38 ಕಾಲೇಜುಗಳಲ್ಲಿ, ಆದಾಯದ ತುತ್ತತುದಿಯ 1 ಪ್ರತಿಶತ ಮನೆಗಳಿಂದ ಬಂದ ವಿದ್ಯಾರ್ಥಿಗಳು ಕೆಳಗಿನ 60 ಪ್ರತಿಶತ ಮನೆಗಳಿಂದ ಬಂದವರಿಗಿಂತ ಜಾಸ್ತಿ ಇದ್ದರು. ಅವುಗಳಲ್ಲಿ ಯೇಲ್, ಪ್ರಿನ್ಸ್‌ಟನ್ ಕೂಡ ಇವೆ.

ಒಳಗೆ ಹೋದ ಮೇಲೂ ಕಲಿಸದ್ದನ್ನು ಕೇಳುವುದು ನಿಲ್ಲುವುದಿಲ್ಲ. ಪ್ರೊಫೆಸರ್ ಕೋಣೆಗೆ ಹೋಗಿ 'ಇದು ತಿಳಿಯಲಿಲ್ಲ' ಅನ್ನಬಹುದು ಎಂಬುದು, ಒಂದು ಕೋರ್ಸು ಬಿಟ್ಟು ಇನ್ನೊಂದು ತೆಗೆದುಕೊಳ್ಳಬಹುದು ಎಂಬುದು, ಫೀಸು ಕಟ್ಟಲು ಗಡುವು ಕೇಳಬಹುದು ಎಂಬುದು ಮನೆಯಲ್ಲಿ ಯಾರಾದರೂ ಕಾಲೇಜು ಓದಿದ್ದರೆ ಗೊತ್ತಿರುತ್ತದೆ. ಮನೆಯಿಂದ ಮೊದಲ ಬಾರಿಗೆ ಕಾಲೇಜಿಗೆ ಬಂದವರು ಕೇಳುವುದೇ ತಪ್ಪು ಎಂದುಕೊಂಡು ಬಾಯಿ ಮುಚ್ಚಿಕೊಳ್ಳುತ್ತಾರೆ. ಬಾಯಿ ಮುಚ್ಚಿದವರು ಫೇಲಾಗುತ್ತಾರೆ, ಫೇಲಾದವರು ಬಿಟ್ಟುಹೋಗುತ್ತಾರೆ. ನ್ಯೂಯಾರ್ಕ್ ನಗರದ ಸಾರ್ವಜನಿಕ ವಿಶ್ವವಿದ್ಯಾಲಯ 2007ರಲ್ಲಿ ತನ್ನ ಎರಡು ವರ್ಷದ ಕಾಲೇಜುಗಳಲ್ಲಿ 'ಅಸಾಪ್' ಎಂಬ ಕಾರ್ಯಕ್ರಮ ಶುರುಮಾಡಿತು. ಕರೆದು ಕೂರಿಸಿ ಮಾತಾಡಿಸುವ ಸಲಹೆಗಾರರು, ಬಸ್ಸು ರೈಲಿಗೆ ಪಾಸು, ಪುಸ್ತಕಕ್ಕೆ ನೆರವು. ಬದಲಿಗೆ ಪೂರ್ಣಾವಧಿ ಓದಬೇಕು, ಸಲಹೆಗಾರರನ್ನು ತಪ್ಪದೆ ನೋಡಬೇಕು. ಇಲ್ಲೂ ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಅಳೆದರು. ಮೂರು ವರ್ಷದಲ್ಲಿ ಪದವಿ ಮುಗಿಸಿದವರು ಒಂದು ಕಡೆ 22 ಪ್ರತಿಶತ, ಅಸಾಪ್‌ನಲ್ಲಿ 40. ತಲಾ ಖರ್ಚು ಜಾಸ್ತಿಯಾಯಿತು. ಮುಗಿಸಿದವರ ಸಂಖ್ಯೆಯಿಂದ ಭಾಗಿಸಿದರೆ, ಒಂದು ಪದವಿಗೆ ಬಿದ್ದ ಖರ್ಚು ಕಡಿಮೆಯೇ ಆಯಿತು.

ಉಳಿಯದ ಸುಧಾರಣೆ

ಏನು ಮಾಡಬೇಕೆಂದು ಗೊತ್ತಿಲ್ಲದೆ ಕೂತಿದ್ದೇವೆ ಎಂದು ಹೇಳುವಂತಿಲ್ಲ. ಮಗು ಎಲ್ಲಿದೆ ಎಂದು ನೋಡಿ ಅಲ್ಲಿಂದ ಕಲಿಸಿ, ಬೇಗ ಸೋಸಬೇಡಿ, ಫಾರಂ ನೀವೇ ತುಂಬಿಸಿಕೊಡಿ, ಮಗು ಕೇಳುವವರೆಗೆ ಕಾಯಬೇಡಿ. ಇವುಗಳಲ್ಲಿ ಯಾವುದೂ ರಾಕೆಟ್ ಹಾರಿಸುವ ಕೆಲಸವಲ್ಲ. ತೊಂದರೆ ಇರುವುದು, ಇವು ಉಳಿಯುವುದಿಲ್ಲ ಎಂಬಲ್ಲಿ. ಇವುಗಳಿಂದ ಲಾಭ ಪಡೆಯುವವರು ಗಲಾಟೆ ಮಾಡುವ ಜನವಲ್ಲ.

ಫ್ಲೋರಿಡಾದ ಬ್ರೋವರ್ಡ್ ಕೌಂಟಿಯಲ್ಲಿ ಪ್ರತಿಭಾವಂತ ಮಕ್ಕಳಿಗಾಗಿ ವಿಶೇಷ ತರಗತಿಗಳಿದ್ದವು. ಯಾರು ಪ್ರತಿಭಾವಂತರು ಎಂದು ಟೀಚರು ಅಥವಾ ಪೋಷಕರು ಹೇಳಬೇಕಿತ್ತು, ಆಮೇಲೆ ಪರೀಕ್ಷೆ. ಹೀಗೆ ಆಯ್ಕೆಯಾದವರಲ್ಲಿ ಬಡವರು, ಕಪ್ಪು ಮಕ್ಕಳು, ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಿನ ನಾಡುಗಳ ಮೂಲದ) ಮಕ್ಕಳು ತೀರಾ ಕಡಿಮೆ. 2005ರಲ್ಲಿ ಶಿಫಾರಸಿನ ಗೊಡವೆಯೇ ಬೇಡ ಎಂದು, ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಒಂದು ಸಣ್ಣ ಪರೀಕ್ಷೆ ಕೊಟ್ಟರು. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ ಲೆಕ್ಕ ಹಾಕಿದಾಗ, ಆಯ್ಕೆಯಾದ ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳ ಪ್ರಮಾಣ ಭಾರಿ ಏರಿತ್ತು. ಹೊಸದಾಗಿ ಕಂಡುಬಂದವರಲ್ಲಿ ಅಷ್ಟು ದಿನ ಯಾರ ಕಣ್ಣಿಗೂ ಬೀಳದೆ ಹಿಂದಿನ ಬೆಂಚಿನಲ್ಲಿ ಕೂತವರೂ ಇದ್ದರು, ಮನೆಯಲ್ಲಿ ಇಂಗ್ಲಿಷ್ ಆಡದವರೂ ಇದ್ದರು.

ಕೆಲವು ವರ್ಷಗಳ ನಂತರ ಆರ್ಥಿಕ ಹಿಂಜರಿತ ಬಂತು. ಬಜೆಟ್ ಕತ್ತರಿಸುವಾಗ ಎಲ್ಲರಿಗೂ ಕೊಡುತ್ತಿದ್ದ ಆ ಪರೀಕ್ಷೆಯನ್ನು ನಿಲ್ಲಿಸಿದರು. ವಿಶೇಷ ತರಗತಿಗಳನ್ನು ನಿಲ್ಲಿಸಲಿಲ್ಲ. ಆಯ್ಕೆ ಮತ್ತೆ ಟೀಚರ್ ಮತ್ತು ಪೋಷಕರ ಶಿಫಾರಸಿಗೆ ಮರಳಿತು. ಪಟ್ಟಿಯೂ 2005ಕ್ಕಿಂತ ಹಿಂದೆ ಹೇಗಿತ್ತೋ ಹಾಗಾಯಿತು.